ಬೆರಳಿನ ಮೇಲೆ ಪಂಚಾಯ್ತಿ

ನನ್ನ ಬಲಗೈ ತೋರುಬೆರಳಿನ ಮೇಲೆ ನಮ್ಮೂರಿನಲ್ಲಿ ಒಂದಿಡೀ ಸಂಜೆ ಪಂಚಾಯ್ತಿ ನಡೆದಿದೆ. ನಾನು ಅಲ್ಲೇ ಕೂತಿದ್ದೆ. ಬೆರಳೂ ಅಲ್ಲೇ ಇತ್ತು, ಉಳಿದಿದ್ದಷ್ಟು. ಆದರೆ ನಮ್ಮಿಬ್ಬರನ್ನೂ ಯಾರೂ ಒಂದು ಮಾತು ಕೇಳಲಿಲ್ಲ. ಹೆಣ್ಣು ನೋಡಲು ಬಂದವರು ಹೆಣ್ಣೊಂದನ್ನು ಬಿಟ್ಟು ಮನೆಯಲ್ಲಿರುವ ಮಿಕ್ಕವರ ಜೊತೆಯೆಲ್ಲ ಮಾತಾಡುತ್ತಾರಲ್ಲ, ಹಾಗಿತ್ತು ನನ್ನ ಪಾಡು. ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ವಿಷಯ ಇಷ್ಟೇ. ನಮ್ಮೂರ ವಾಲಿಬಾಲ್ ಟೀಮಿಗೆ ನಾನೇ ಲಿಫ್ಟರ್ ಆಗಿ ಮುಂದುವರಿಯಬೇಕೋ, ನನ್ನನ್ನು ಹೊರಗೆ ಕೂರಿಸಿ ಬೇರೆಯವನನ್ನು ಹಾಕಬೇಕೋ.

ಲಿಫ್ಟರ್ ಅಂದರೆ ಯಾರು ಅಂತ ಆಟ ನೋಡದವರಿಗೆ ಹೇಳಬೇಕು. ಎದುರಿನವರು ಹೊಡೆದ ಚೆಂಡನ್ನು ಹಿಂದಿನವರು ಎತ್ತಿ ಕೊಡುತ್ತಾರೆ. ಅದನ್ನು ನೆಟ್ಟಿನ ಪಕ್ಕ ನಿಂತು, ಎರಡೂ ಕೈಯ ಬೆರಳತುದಿಯಲ್ಲಿ ತಗೊಂಡು, ಹಿಡಿದೆ ಅನ್ನುವಷ್ಟರಲ್ಲಿ ಬಿಟ್ಟು, ಸ್ಮ್ಯಾಷ್ ಹೊಡೆಯುವವನ ಕೈಯೆತ್ತರಕ್ಕೆ ಹದವಾಗಿ ಏರಿಸಿ ಕೊಡುವವನು ಲಿಫ್ಟರ್. ಹೆಚ್ಚುಕಮ್ಮಿ ಪ್ರತಿ ಚೆಂಡೂ ಅವನ ಕೈ ಹಾದೇ ಹೋಗಬೇಕು. ಗೆದ್ದರೆ ಜನ ಸ್ಮ್ಯಾಷರನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಸೋತರೆ ಲಿಫ್ಟ್ ಸರಿ ಇರಲಿಲ್ಲ ಅನ್ನುತ್ತಾರೆ. ಇದೆಲ್ಲ ಗೊತ್ತಿದ್ದೇ ನಾನು ಲಿಫ್ಟರ್ ಆದವನು. ಸ್ಕೂಲಿನಿಂದ ಜೊತೆಗೆ ಬೆಳೆದ ಗೆಳೆಯನೊಬ್ಬ ನಮ್ಮ ಸ್ಮ್ಯಾಷರ್. ಅವನಿಗೆ ಚೆಂಡು ಎಲ್ಲಿ ಬೇಕು ಅನ್ನುವುದು ಅವನು ಬಾಯಿ ಬಿಡುವ ಮೊದಲೇ ನನ್ನ ಕೈಗೆ ಗೊತ್ತಿರುತ್ತಿತ್ತು.

ನಮ್ಮೂರು ಕನಕಪುರ ತಾಲ್ಲೂಕಿನದು. ಅಂಗಳದಲ್ಲಿ ನಿಂತರೆ ಕಬ್ಬಾಳು ಬೆಟ್ಟ ಕಾಣುತ್ತದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಕಡೆ ಒಂದರ ಹಿಂದೆ ಒಂದು ಕಂಪನಿ ಬಂದವು. ನಾವು ಆಡುತ್ತಿದ್ದ ಬಯಲು ಒಂದು ಕಾಂಪೌಂಡಿನ ಒಳಗೆ ಹೋಯಿತು. ನೆಟ್ಟಿನ ಕಂಬ ಕಿತ್ತುಕೊಂಡು ಬಂದು ರಾಗಿ ಕಣದಲ್ಲಿ ನೆಟ್ಟೆವು. ಟೀಮಿನವರೆಲ್ಲ ಒಬ್ಬೊಬ್ಬರಾಗಿ ಕೆಲಸಕ್ಕೆ ಸೇರಿದರು, ನಾನೂ ಸೇರಿದೆ. ಆಮೇಲೆ ಪ್ರಾಕ್ಟೀಸು ಶುರುವಾಗುವುದು ಬಿಸಿಲು ತಗ್ಗಿದಾಗಲ್ಲ, ಫಸ್ಟ್ ಶಿಫ್ಟಿನ ಬಸ್ಸು ಬಂದಾಗ. ಯೂನಿಫಾರಂ ಪ್ಯಾಂಟಿನಲ್ಲೇ ಆಡುತ್ತಿದ್ದೆವು.

ನಾನು ಸೇರಿದ್ದು ತಗಡಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ. ಪ್ರೆಸ್ ಮಿಷನ್ನು ಮೇಲಿಂದ ಕೆಳಗೆ ಕೂರುತ್ತದೆ, ತಗಡು ಬಗ್ಗುತ್ತದೆ, ನಾವು ತೆಗೆದು ಇನ್ನೊಂದು ಇಡಬೇಕು. ಒಂದು ದಿನ ನಾನು ತೆಗೆಯುವ ಮೊದಲೇ ಅದು ಇನ್ನೊಂದು ಸಲ ಕೂತಿತು. ನೋವು ಆಮೇಲೆ ಬಂತು. ಮೊದಲು ನಾನು ಮಾಡಿದ ಕೆಲಸ ಯಾವ ಬೆರಳು ಅಂತ ನೋಡಿದ್ದು. ತೋರುಬೆರಳು, ಮೇಲಿನ ಗೆಣ್ಣು ಪೂರ್ತಿ. ಅಯ್ಯೋ, ಕಿರುಬೆರಳಾಗಬಾರದಿತ್ತೇ ಅಂತ ಅಲ್ಲೇ ಕೂತು ಅತ್ತೆ. ಸುತ್ತ ಇದ್ದವರು ನೋವಿಗೆ ಅಳುತ್ತಿದ್ದಾನೆ ಅಂದುಕೊಂಡರು.

ಗಾಯ ಮಾಗಿದ ಮೇಲೆ ಚೆಂಡು ಮುಟ್ಟಿದೆ. ಎತ್ತರ ಬಂತು, ಗುರಿ ಬಂತು, ಆದರೆ ಚೆಂಡು ಗಿರಗಿರ ತಿರುಗುತ್ತಾ ಹೋಯಿತು. ಎರಡು ಕೈಯ ಬೆರಳೂ ಒಟ್ಟಿಗೆ ಚೆಂಡನ್ನು ಬಿಡದಿದ್ದರೆ ಹಾಗಾಗುತ್ತದೆ. ಅಂಪೈರ್ ಎರಡು ಸಲ ತಾಗಿತು ಅಂತ ಸೀಟಿ ಊದುತ್ತಾನೆ, ಪಾಯಿಂಟು ಎದುರಿನವರಿಗೆ. ಸರಿ, ಮನೆ ಹಿಂದೆ ಗೋಡೆಗೆ ಎಸೆದು ಎಸೆದು ಕಲಿಯಲು ಕೂತೆ. ಗೋಡೆಯ ಸುಣ್ಣ ಉದುರುತ್ತೆ ಅಂತ ಬೈಯಲು ಬಂದ ನನ್ನ ಹೆಂಡತಿ, ಒಸಿ ಹೊತ್ತು ನೋಡಿ, ಸೆರಗು ಸಿಕ್ಕಿಸಿಕೊಂಡು ತಾನೇ ಚೆಂಡು ಎಸೆಯಲು ನಿಂತಳು.

"ತಿರುಗ್ತಾ ಐತೆ ಕಣ್ರೀ," ಅನ್ನುತ್ತಿದ್ದಳು. "ಇದೂ ತಿರುಗ್ತು. ಇದು ಇಲ್ಲ. ಇದು ತಿರುಗ್ತು. ಅಂಪೈರಿಗಿಂತ ನಾನೇ ವಾಸಿ, ದುಡ್ಡಿಲ್ದೆ ಸೀಟಿ ಊದ್ತೀನಿ."

ನಡುಬೆರಳಿಗೆ ತೋರುಬೆರಳಿನ ಕೆಲಸ ಕಲಿಸಿ, ಮಣಿಕಟ್ಟನ್ನು ಒಂದು ಚೂರು ಒಳಕ್ಕೆ ತಿರುಗಿಸಿ ಅಂತೂ ಚೆಂಡು ನೆಟ್ಟಗಾಯಿತು. ಪ್ರತಿ ಸಲ ಅಲ್ಲ. ಆದರೆ ಬಹಳ ಸಲ.

ಅಷ್ಟರಲ್ಲಿ ಊರಿಗೆ ಹೊಸ ಲಿಫ್ಟರ್ ಬಂದಿದ್ದ. ನಮ್ಮೂರವನೇ, ಬೆಂಗಳೂರಿನ ಕಾಲೇಜಿನಲ್ಲಿ ಆಡಿ ಬಂದು ಇಲ್ಲೇ ಕಂಪನಿಯಲ್ಲಿ ಕೆಲಸ ಹಿಡಿದಿದ್ದ. ಎತ್ತರದ ಆಳು, ಹತ್ತೂ ಬೆರಳು ನೆಟ್ಟಗಿದ್ದವು. ನನ್ನನ್ನು ಅಣ್ಣಾ ಅಣ್ಣಾ ಅಂತ ಬಾಯ್ತುಂಬ ಕರೆಯುತ್ತಿದ್ದ. ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು, ಅದಕ್ಕೂ ದಾರಿ ಇರಲಿಲ್ಲ.

ದೊಡ್ಡಆಲಹಳ್ಳಿ ಕಡೆ ಒಂದು ಪಂದ್ಯಾವಳಿ ಹತ್ತಿರ ಬಂತು. ಯಾರನ್ನು ಹಾಕುವುದು ಅಂತ ತೀರ್ಮಾನ ಮಾಡಲು ಯುವಕ ಸಂಘದ ಅಧ್ಯಕ್ಷರು ತಮ್ಮ ದಿನಸಿ ಅಂಗಡಿ ಮುಂದೆ ಎಲ್ಲರನ್ನೂ ಕೂರಿಸಿದರು. ಆಟಗಾರರು ಕೂತರು, ಆಡದವರೂ ಕೂತರು. ಚೆಂಡು ಯಾವ ಕಡೆ ಬೀಳುತ್ತೆ ಅಂತ ಗೊತ್ತಿಲ್ಲದವರಿಗೂ ಅವತ್ತು ನನ್ನ ಬೆರಳಿನ ಬಗ್ಗೆ ಒಂದೊಂದು ಅಭಿಪ್ರಾಯ ಇತ್ತು.

"ಎಷ್ಟಾದ್ರೂ ಹಳೇ ಕೈ ಕಣ್ರಪ್ಪ, ಅವ್ನಿಗೆ ಆಟ ಗೊತ್ತೈತೆ," ಅಂದ ಒಬ್ಬ.

"ಹಳೇ ಕೈಯೇನೋ ಸರಿ, ಬೆರಳೆಲ್ಲೈತ್ಲಾ?" ಅಂದ ಇನ್ನೊಬ್ಬ.

"ಪ್ರಾಕ್ಟೀಸಲ್ಲಿ ನೆಟ್ಟಗೇ ಕೊಡ್ತಾ ಅವ್ನೆ."

"ಪ್ರಾಕ್ಟೀಸಲ್ಲಿ ಸೀಟಿ ಊದೋರು ಯಾರು? ಅಲ್ಲಿ ಊದ್ಬುಟ್ರೆ?"

ನನಗೆ ಈ ಮಾತುಗಳಿಂದ ಬೇಜಾರಾಗಲಿಲ್ಲ. ಇದು ಆಟದ ಮಾತು. ಹೊಸಬ ನನಗಿಂತ ಚೆನ್ನಾಗಿ ಆಡುತ್ತಾನೆ ಅಂತ ಒಬ್ಬ ಎದುರಿಗೆ ಹೇಳಿದ್ದರೂ ನುಂಗಿಕೊಳ್ಳುತ್ತಿದ್ದೆ, ಜಗಳ ಆಡಿಯಾದ ಮೇಲೆ. ನಾನು ಕಾದಿದ್ದು ನನ್ನ ಸ್ಮ್ಯಾಷರ್ ಬಾಯಿ ಬಿಡುವುದಕ್ಕೆ. ನಾನು ಎತ್ತಿಕೊಟ್ಟ ಚೆಂಡು ಹೊಡೆದವನು ಅವನು. ಚೆಂಡು ಸರಿ ಬರುತ್ತೋ ಇಲ್ಲವೋ ಹೇಳಬೇಕಾದವನು ಅವನು. ಅವನು ನೆಲ ನೋಡುತ್ತಾ ಕೂತಿದ್ದವನು ಕೊನೆಗೆ ಅಂದ:

"ಪಾಪ, ಇರ್ಲಿ ಬುಡಿ. ತೆಗೆದ್ಬುಟ್ರೆ ನೊಂದ್ಕತಾನೆ."

ಆ ಪಾಪ ಅನ್ನುವ ಮಾತು ಪ್ರೆಸ್ ಮಿಷನ್ನಿಗಿಂತ ಜೋರಾಗಿ ಬಡಿಯಿತು. ಲಿಫ್ಟ್ ಸರಿಯಿಲ್ಲ ಅಂದಿದ್ದರೆ ಎದ್ದು ನಿಂತು ವಾದ ಮಾಡುತ್ತಿದ್ದೆ. ಪಾಪ ಅಂದವನ ಹತ್ತಿರ ಏನು ವಾದ ಮಾಡುವುದು?

ಅರ್ಧ ಜನ ಇರಲಿ ಅಂದರು, ಅರ್ಧ ಜನ ಬೇಡ ಅಂದರು. ಕೊನೆಗೆ ಅಧ್ಯಕ್ಷರು, ಊರಮ್ಮನ ಹತ್ತಿರ ಹೂ ಕೇಳಿಬಿಡೋಣ ಅಂದರು. ಮದುವೆ, ಬೋರ್‌ವೆಲ್ಲು, ಎತ್ತು ಕೊಳ್ಳುವುದು, ಎಲ್ಲಕ್ಕೂ ನಮ್ಮಲ್ಲಿ ಹೂ ಕೇಳುವುದುಂಟು. ಅಮ್ಮನ ಮೈಮೇಲಿನ ಹೂ ಬಲಗಡೆ ಬಿದ್ದರೆ ಆಗಲಿ ಅಂತ, ಎಡಗಡೆ ಬಿದ್ದರೆ ಬೇಡ ಅಂತ. ಆದರೆ ಲಿಫ್ಟರ್ ಯಾರು ಅಂತ ಅಮ್ಮನನ್ನು ಕೇಳಿದ ಊರು ನಮ್ಮದೊಂದೇ ಇರಬೇಕು.

ಪೂಜಾರಪ್ಪನಿಗೆ ವಾಲಿಬಾಲ್ ಗೊತ್ತಿಲ್ಲ. ಅವರು ನನ್ನ ಕೈ ನೋಡಿದರು, ಮುಖ ನೋಡಿದರು, ಅಮ್ಮನ ಕಡೆ ತಿರುಗಿ, "ತಾಯೀ, ಈ ಮಗೀಗೆ ಒಳ್ಳೇದು ಮಾಡ್ತೀಯೇನವ್ವಾ?" ಅಂತ ಕೇಳಿಬಿಟ್ಟರು. ಹೂ ಬಲಗಡೆ ಬಿತ್ತು. ಎಲ್ಲರೂ ಕೈಮುಗಿದರು. ತೀರ್ಮಾನವಾಯಿತು, ನಾನೇ ಲಿಫ್ಟರ್. ಸ್ಮ್ಯಾಷರ್ ಬಂದು ನನ್ನ ಬೆನ್ನು ತಟ್ಟಿದ.

ನಾನು ಗುಡಿಯ ಮೆಟ್ಟಿಲ ಮೇಲೇ ಹೇಳಿದೆ: "ನಾನು ಆಡಕಿಲ್ಲ."

"ಅಮ್ಮನ ಮಾತು ಮೀರ್ತೀಯೇನ್ಲಾ?" ಅಂದರು ಅಧ್ಯಕ್ಷರು.

"ಒಳ್ಳೇದು ಮಾಡ್ತೀಯಾ ಅಂತ ಕೇಳಿದ್ರು, ಮಾಡ್ತೀನಿ ಅಂದ್ಲು. ಈ ಟೀಮಲ್ಲೇ ಆಡ್ಲಿ ಅಂತ ಎಲ್ಲಂದ್ಲು? ಪಾಪ ಅಂತ ಇಟ್ಕೊಳ್ಳೋದಾದ್ರೆ ನಿಮ್ ಲಿಫ್ಟು ನೀವೇ ಎತ್ಕಳಿ. ಆ ಹುಡುಗ ಚೆನ್ನಾಗಿ ಆಡ್ತಾನೆ, ಅವನ್ನ ಹಾಕಿ."

ಇಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ. ಬೆರಳು ಹೋದ ಮೇಲೆ ಅವತ್ತೇ ನನಗೆ ನಾನು ಪೂರ್ತಿ ಇದ್ದೀನಿ ಅನ್ನಿಸಿದ್ದು. ಮನೆ ಸೇರುವಷ್ಟರಲ್ಲಿ ಆ ಶೂರತನ ಇಳಿದು, ಇನ್ನು ಮೇಲೆ ಆಟವೇ ಇಲ್ಲವಲ್ಲ ಅಂತ ಹಿಂದಿನ ಗೋಡೆ ಮುಂದೆ ಹೋಗಿ ನಿಂತೆ. ಹೆಂಡತಿ ಎಲ್ಲ ಕೇಳಿಸಿಕೊಂಡು, ಮುದ್ದೆ ಬಡಿಸುತ್ತಾ, "ನಮ್ಮಪ್ಪನ ಊರಲ್ಲಿ ಲಿಫ್ಟರ್ ಇಲ್ವಂತೆ," ಅಂದಳು. ಅಷ್ಟೇ ಅಂದಿದ್ದು. ಮಾರನೇ ದಿನ ನಾನು ಮಾವನ ಮನೆ ದಾರಿ ಹಿಡಿದೆ.

ಅಲ್ಲಿ ಯಾರೂ ಪಾಪ ಅನ್ನಲಿಲ್ಲ. ಅವರ ಟೀಮು ಒಂದೇ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಹಾಗಾಗಿ ಅವರಿಗೆ ನನ್ನ ಮೇಲೆ ಕನಿಕರ ಪಡಲು ಪುರುಸೊತ್ತಿರಲಿಲ್ಲ. ಚೆಂಡು ತಿರುಗಿದರೆ ಬಾಯಿಗೆ ಬಂದಂತೆ ಬೈಯುತ್ತಿದ್ದರು, ನೆಟ್ಟಗೆ ಹೋದರೆ ಹೋ ಅಂತ ಕೂಗುತ್ತಿದ್ದರು.

ಪಂದ್ಯಾವಳಿಯ ದಿನ ನಮ್ಮ ಎದುರಿಗೆ ಸಿಕ್ಕಿದ್ದು ನಮ್ಮೂರೇ. ಒಂದು ಊರಿನ ಟೀಮಿನಲ್ಲಿ ಆ ಊರಿನವರೇ ಆಡಬೇಕು ಅನ್ನುವುದು ಅಲ್ಲಿನ ಕರಾರು. ಅಧ್ಯಕ್ಷರು ನನ್ನನ್ನು ಕಂಡಿದ್ದೇ, ಇವನು ನಮ್ಮೂರವನು, ಆಡುವ ಹಾಗಿಲ್ಲ ಅಂತ ತಕರಾರು ತೆಗೆದರು. ನಮ್ಮ ಮಾವ ಟವೆಲ್ಲು ಕೊಡವಿಕೊಂಡು ಎದ್ದರು.

"ಹೆಣ್ಣು ಕೊಟ್ಟಿದ್ದೀವಿ, ಹಬ್ಬ ಹಬ್ಬಕ್ಕೂ ಬಟ್ಟೆ ಕೊಡ್ತೀವಿ. ನಮ್ಮವನಲ್ದೆ ಇನ್ಯಾರವನು? ನಿಮ್ಗೆ ಅಷ್ಟು ಬೇಕಾಗಿದ್ರೆ ಯಾಕ್ ಬುಟ್ರಿ?"

ಪಂದ್ಯ ನಡೆಸುವವರು ನಕ್ಕು, ಅಳಿಯ ಊರಿನವನೇ ಅಂತ ತೀರ್ಪು ಕೊಟ್ಟರು. ಅಧ್ಯಕ್ಷರ ಮುಖ ನೋಡಬೇಕಿತ್ತು.

ಆ ಪಂದ್ಯ ನಾವು ಸೋತೆವು, ಮೊದಲೇ ಹೇಳಿಬಿಡುತ್ತೇನೆ. ಆ ಹೊಸ ಹುಡುಗ ಬಹಳ ಚೆನ್ನಾಗಿ ಆಡಿದ. ನನ್ನ ಚೆಂಡು ತಿರುಗಿತು ಅಂತ ಅಂಪೈರ್ ಆಗಾಗ ಸೀಟಿ ಊದಿದ. ಊದಲಿ, ತಿರುಗಿದ್ದು ನಿಜ. ಉಳಿದ ಚೆಂಡುಗಳಲ್ಲಿ ನಮ್ಮವರು ನಮ್ಮೂರಿಗೆ ಬೆವರಿಳಿಸಿದರು. ನನಗೆ ತಡೆಯಲಾಗದೆ ಹೋದದ್ದು ಬೇರೆ. ಆಟದಲ್ಲಿ ಎಲ್ಲರೂ ಸರದಿಯಂತೆ ಜಾಗ ಬದಲಿಸಬೇಕಲ್ಲ, ಹಾಗೆ ನಾನು ಹಿಂದಿನ ಸಾಲಿಗೆ ಬಂದಾಗಲೆಲ್ಲ, ನನ್ನ ಗೆಳೆಯ ನನ್ನ ಕಡೆಗೆ ಚೆಂಡನ್ನು ಜೋರಾಗಿ ಹೊಡೆಯುತ್ತಲೇ ಇರಲಿಲ್ಲ. ಬೇರೆಯವರ ಮೇಲೆ ಬೀಳುವ ಅವನ ಹೊಡೆತಕ್ಕೆ ಜನ ಕಿವಿ ಮುಚ್ಚಿಕೊಳ್ಳುತ್ತಿದ್ದರು. ನನ್ನ ಕಡೆ ಬಂದರೆ ಮಾತ್ರ ಮಗುವಿನ ಬೆನ್ನು ಸವರಿದಂತೆ ಮೆಲ್ಲಗೆ ತಟ್ಟಿಬಿಡುತ್ತಿದ್ದ. ಮೊದಲ ಸಲ ಕೈ ಜಾರಿತು ಅಂದುಕೊಂಡೆ. ಮತ್ತೆ ಮತ್ತೆ ಹಾಗೇ ಆದಾಗ ರಕ್ತ ತಲೆಗೇರಿತು.

ಮತ್ತೆ ನೆಟ್ಟಿನ ಹತ್ತಿರ ಬರುವ ಸರದಿ ನನ್ನದಾಯಿತು. ಅವನು ನನಗೆದುರಾಗಿ ನಿಂತಿದ್ದ. ಚೆಂಡು ನನ್ನ ಕೈಗೆ ಬಂತು. ನಾನು ಯಾರಿಗೂ ಎತ್ತಿಕೊಡದೆ, ಆ ಮೊಂಡು ಬೆರಳಿನ ಕೈಯಲ್ಲೇ ಅವನ ತಲೆ ಮೇಲಿಂದ ಆಚೆ ತಳ್ಳಿಬಿಟ್ಟೆ. ಅವನ ಹಿಂದೆ ಖಾಲಿ ಜಾಗದಲ್ಲಿ ಬಿತ್ತು. ಪಾಯಿಂಟು ನಮಗೆ.

ನೆಟ್ಟಿಗೆ ಮುಖ ಅಂಟಿಸಿ ಕೂಗಿದೆ: "ಲೇ, ನಿನ್ ಕೈಗೇನಾಗೈತ್ಲಾ? ಹೊಡಿಯಾಕೆ ಬರಕಿಲ್ವಾ? ಪಾಪ ಅಂತೀಯಾ ನನ್ನ? ಗಂಡಸಾದ್ರೆ ಹೊಡಿ. ಇಲ್ದಿದ್ರೆ ಈ ಬೆರಳಲ್ಲೇ ನಿನ್ನ ಊರಿಗೆ ಕಳಿಸ್ತೀನಿ."

ಅವನ ಮುಖ ಕೆಂಪಾಯಿತು. ಅಂಪೈರ್ ನನ್ನನ್ನು ಗದರಿದ. ನಮ್ಮ ಮಾವ ಹೊರಗಿನಿಂದ ಇನ್ನಷ್ಟು ಬೈ ಅಂತ ಹುರಿದುಂಬಿಸಿದರು.

ಒಸಿ ಹೊತ್ತಿಗೆ ನಾನು ಮತ್ತೆ ಹಿಂದಿನ ಸಾಲಿಗೆ ಹೋಗಿದ್ದೆ. ಆಚೆ ಕಡೆ ಹೊಸ ಹುಡುಗ ಚೆಂಡು ಎತ್ತಿಕೊಟ್ಟ. ನನ್ನ ಗೆಳೆಯ ಓಡಿಬಂದ, ಎಗರಿದ. ಅವನ ಎಡಕ್ಕೆ ಇಡೀ ಮೂಲೆ ಖಾಲಿ ಇತ್ತು, ಕಣ್ಣು ಮುಚ್ಚಿ ಹೊಡೆದರೂ ಪಾಯಿಂಟು. ಅವನು ಆ ಕಡೆ ನೋಡಲೂ ಇಲ್ಲ. ನನ್ನನ್ನೇ ನೋಡಿ, ಮೈಯಲ್ಲಿದ್ದ ಬಲವೆಲ್ಲ ಹಾಕಿ, ನೇರ ನನ್ನ ಎದೆಗೆ ಹೊಡೆದ. ನಾನು ಹಿಂದಕ್ಕೆ ಮಗುಚಿಬಿದ್ದೆ. ಬಾಯಿಗೆ ಮಣ್ಣು ಹೋಯಿತು, ಉಸಿರು ನಿಂತುಹೋಯಿತು, ಕಣ್ಣಲ್ಲಿ ನೀರು ಬಂತು. ಸುತ್ತ ಜನ ಅಯ್ಯಯ್ಯೋ ಅಂದರು. ಯಾರೋ ಎತ್ತಲು ಬಂದರು, ಅವರ ಕೈ ಕೊಡವಿದೆ.

ಅವನು ನೆಟ್ಟಿನ ಆಚೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. "ಸಾಕೇನ್ಲಾ?" ಅಂದ. ಅವನ ಕಣ್ಣಲ್ಲೂ ನೀರಿತ್ತು.

ನಾನು ಎದ್ದು, ಮಣ್ಣು ಉಗಿದು, ನನ್ನ ಜಾಗಕ್ಕೇ ಹೋಗಿ ನಿಂತೆ. "ಇನ್ನೊಂದು ಹೊಡಿ," ಅಂದೆ.