ಗಾಳಿ ನೋಡಲು ಹೋದ ಶುಕ್ರವಾರ

ನಮ್ಮ ಯಜಮಾನರಿಗೆ ಯಾವ ಸಮಸ್ಯೆ ಕೊಟ್ಟರೂ ಅದನ್ನೊಂದು ಪ್ರಾಜೆಕ್ಟ್ ಮಾಡಿಬಿಡುತ್ತಾರೆ. ಈ ಅರಬ್ ನಾಡಿನ ಹಮದ್ ಬಂದರಿನಲ್ಲಿ ಕಂಟೇನರ್ ಸಾಗಿಸುವ ಕೆಲಸ. ಮನೆಯವರನ್ನೂ ಹಾಗೇ ಸಾಗಿಸುತ್ತಾರೆ.

ಆ ಏಪ್ರಿಲಿನ ಸಮಸ್ಯೆ ನನ್ನ ಅಮ್ಮ. ಮೈಸೂರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದಳು, ವಾಪಸ್ ಹೋಗುವ ದಿನ ಹತ್ತಿರ ಬಂದಿತ್ತು. ವೀಸಾ ಮುಂದುವರಿಸೋಣ, ಇನ್ನಷ್ಟು ದಿನ ಇರು ಎಂದು ನಾನು ಗೋಗರೆಯುತ್ತಿದ್ದೆ. ಅಮ್ಮನದು ಒಂದೇ ತಕರಾರು: "ಈ ಪೆಟ್ಟಿಗೆಯೊಳಗೆ ಗಾಳೀನೇ ಇಲ್ವಲ್ಲೇ! ಕೂತ್ರೆ ಎಸಿ, ಎದ್ರೆ ಎಸಿ. ಮಂಡಿ ಹಿಡ್ಕೊಂಡ್ಬಿಟ್ಟಿದೆ." ಅಲ್ ಹಿಲಾಲ್‌ನ ನಮ್ಮ ಫ್ಲ್ಯಾಟಿನ ಕಿಟಕಿಗಳಿಗೆ ಧೂಳು ಬರದಂತೆ ಟೇಪು ಹಚ್ಚಿದ್ದೂ ನಮ್ಮ ಯಜಮಾನರೇ.

"ಗಾಳಿ ತಾನೇ? ಶುಕ್ರವಾರ ರಜೆ, ತೋರಿಸ್ತೀನಿ ಅತ್ತೆ" ಎಂದರು. ಕರೆಂಟಿಲ್ಲದ ಕಾಲದಲ್ಲಿ ಇಲ್ಲಿಯವರು ಮನೆಯ ಮೇಲೆ ಗೋಪುರ ಕಟ್ಟಿ, ಮೇಲಿನ ಗಾಳಿಯನ್ನು ಹಿಡಿದು ಕೋಣೆಗೆ ಇಳಿಸುತ್ತಿದ್ದರಂತೆ. ಅಂಥ ಒಂದು ಹಳೇ ಮನೆ ಊರಾಚೆ ಇದೆಯಂತೆ. ಅದನ್ನು ನೋಡಿದರೆ ಅತ್ತೆ ಮೆತ್ತಗಾಗುತ್ತಾರೆ, ವೀಸಾಕ್ಕೆ ಒಪ್ಪುತ್ತಾರೆ ಎಂಬುದು ಅವರ ಪ್ಲಾನು. ನನಗೂ ಆಸೆ ಚಿಗುರಿತು, ಸುಳ್ಳೇಕೆ.

ಹೊರಡುವುದಾದರೂ ಸುಲಭವೇ? ಅರ್ಧ ಗಂಟೆಯ ದಾರಿಗೆ ಡಬ್ಬಿಗಟ್ಟಲೆ ಪುಳಿಯೋಗರೆ, ಮೊಸರನ್ನ, ಮೇಲೊಂದು ಚಾಪೆ. "ಯಲ್ಲಾ, ಯಲ್ಲಾ, ಹೊರಡಿ ಬೇಗ!" ಎಂದು ಬಾಗಿಲಲ್ಲಿ ನಿಂತು ಕೂಗಿದ ಯಜಮಾನರು, ಕಡೆಗೆ ತಾವೇ ಕಾರಿನ ಕೀಲಿ ಮರೆತು ಮೇಲೆ ಓಡಿದರು. ಎಸಿಗೆ ಕಾರು ತಣ್ಣಗಾಗುವವರೆಗೆ ಯಾರೂ ಮನೆಯಿಂದ ಕೆಳಗಿಳಿಯಬಾರದು ಎಂದು ಆರ್ಡರು ಬೇರೆ.

ಅಲ್ಲಿಗೆ ತಲುಪಿ ಗೋಪುರದ ಕೆಳಗಿನ ಕೋಣೆ ಹೊಕ್ಕೆವು. ಒಳಗೆ ತಣ್ಣಗಿತ್ತು. ಯಜಮಾನರು ಎರಡೂ ಕೈ ಚಾಚಿ ನಿಂತುಬಿಟ್ಟರು. "ನೋಡಿ ಅತ್ತೆ! ಏನ್ ಟೆಕ್ನಾಲಜಿ! ಮೋಟಾರಿಲ್ಲ, ಮಾಫಿ ಕರೆಂಟ್, ಕರೆಂಟೇ ಇಲ್ಲ, ಆದ್ರೂ ಹೆಂಗೆ ತಣ್ಣಗಿದೆ!" ನಮ್ಮ ಮಗಳು "ವಾವ್ ಅಜ್ಜಿ, ಸೋ ಕೂಲ್ ಇದೆ" ಎಂದು ಫೋಟೋ ಹೊಡೆದಳು.

ಅಮ್ಮ ಸೆರಗನ್ನು ಬಿಗಿಯಾಗಿ ಹೊದ್ದು, ಅಳಿಯನ ತಲೆಯ ಮೇಲಕ್ಕೆ ಬೆರಳು ತೋರಿಸಿದಳು. ಗೋಡೆಯ ಮೇಲೆ ಎಸಿ ಗುಂಯ್‌ಗುಡುತ್ತಿತ್ತು. ಗಾಳಿ ಇಳಿಯಬೇಕಾದ ಕಂಡಿಗೆ, ತಂಪು ಸೋರದಂತೆ, ಅಚ್ಚುಕಟ್ಟಾಗಿ ಹಲಗೆ ಹೊಡೆದಿದ್ದರು.

"ಬಂದವರಿಗೆ ಸೆಖೆ ಆಗ್ಬಾರ್ದಲ್ಲ" ಎಂದು ಯಜಮಾನರು ಸಾವರಿಸಿಕೊಂಡರು. ಅಯ್ಯೋ ನನ್ನ ಕರ್ಮವೇ!

ತಿರುಗಿ ನೋಡಿದರೆ ಅಮ್ಮ ಇಲ್ಲ. ಹೊರಗೆ, ಗೋಡೆಯ ನೆರಳಲ್ಲಿ ಮೆಟ್ಟಿಲ ಮೇಲೆ ಕೂತಿದ್ದಳು. ಧೂಳು ತುಂಬಿದ ಗಾಳಿಗೆ ಸೆರಗು ಪಟಪಟ ಹಾರುತ್ತಿತ್ತು. ಬಂದಾಗಿನಿಂದ ಅವಳ ಮುಖ ಅಷ್ಟು ಹಗುರಾಗಿದ್ದನ್ನು ನಾನು ನೋಡಿರಲಿಲ್ಲ.

"ಬಿಸಿಗಾಳಿ ಅಮ್ಮ, ಒಳಗೆ ಬಾ."

"ಬಿಸಿಯಾದ್ರೇನು, ಗಾಳಿ ತಾನೇ. ಕೂತ್ಕೋ."

ಕೂತೆ. ಮುಖದ ಮೇಲೆ ಹಾರುತ್ತಿದ್ದ ನನ್ನ ಕೂದಲನ್ನು ಕಿವಿಯ ಹಿಂದೆ ಸರಿಸಿದಳು. "ನಾನು ಹೋಗ್ತೀನಿ ಕಣೇ. ಗಾಳಿ ನೋಡೋಕೆ ಟೂರ್ ಹೋಗೋ ಊರಲ್ಲಿ ನಂಗಾಗಲ್ಲ. ನಿನಗೆ ಹೆಂಗೋ ಒಗ್ಗಿಹೋಗಿದೆ."

ಅಷ್ಟರಲ್ಲಿ ಯಜಮಾನರು ಕಾರಿನ ಹಾರನ್ ಹೊಡೆದರು.

ಪುಳಿಯೋಗರೆಯನ್ನು ಕಾರೊಳಗೇ, ಎಂಜಿನ್ ಓಡಿಸಿಕೊಂಡು ತಿಂದೆವು. ಚಾಪೆ ಡಿಕ್ಕಿಯಲ್ಲೇ ಉಳಿಯಿತು.

"ಏನತ್ತೆ, ಖುಷಿಯಾಯ್ತಾ? ನಾಳೇನೇ ವೀಸಾಕ್ಕೆ ಹಾಕ್ತೀನಿ."

"ಬೇಡ, ಟಿಕೆಟ್ ಹಾಗೇ ಇರ್ಲಿ" ಎಂದಳು ಅಮ್ಮ.

ನಾನು ನನ್ನ ಕಡೆಯ ಗ್ಲಾಸು ಇಳಿಸಿದೆ. ಬಿಸಿಗಾಳಿ ನುಗ್ಗಿತು.

"ಎಸಿ ಓಡ್ತಿದೆ ಕಣೇ, ಏರಿಸು" ಎಂದರು ಯಜಮಾನರು.

ಏರಿಸಿದೆ. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತೆ ಸೆರಗು ಹೊದ್ದುಕೊಂಡಳು.