ಕೊಲೆಗಾರನನ್ನು ಒಪ್ಪದ ಲೀಲಾಬಾಯಿ

ಹುನಗುಂದದ ಕೋರ್ಟಿನಲ್ಲಿ ಲೀಲಾಬಾಯಿ ಮೂವತ್ತೊಂದು ವರ್ಷ ಸ್ಟೆನೋ ಆಗಿದ್ದರು. ಸಾಕ್ಷಿಗಳು ಹೇಳಿದ್ದನ್ನೆಲ್ಲ ಟೈಪ್ ಮಾಡಿ ಮಾಡಿ, ಸುಳ್ಳು ಹೇಳುವವರು ಎಲ್ಲಿ ತಡವರಿಸುತ್ತಾರೆ ಎಂಬುದು ಅವರಿಗೆ ಗೊತ್ತಾಗಿಬಿಟ್ಟಿತ್ತು. ನಿವೃತ್ತಿಯ ನಂತರ ಪತ್ತೇದಾರಿ ಕಾದಂಬರಿಗಳ ಗೀಳು ಹತ್ತಿತು. ಅರ್ಧ ಪುಸ್ತಕಕ್ಕೇ ಕೊಲೆಗಾರ ಯಾರೆಂದು ಹೇಳಿಬಿಡುತ್ತಿದ್ದರು.

ಹೋದ ವರ್ಷ ಕೆರೂರಿನ ಹೈಸ್ಕೂಲ್ ಶಿಕ್ಷಕಿ ಮಯೂರಿಯ ಮೊದಲ ಕಾದಂಬರಿ ಬಂತು. ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬ ತನ್ನ ಅಂಗಡಿಯ ಅಟ್ಟದಲ್ಲಿ ಕೊಲೆಯಾಗುವ ಕಥೆ. ಲೀಲಾಬಾಯಿ ಎರಡು ದಿನ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯದಂತೆ ಓದಿದರು. ಕೈವಾಡ ವ್ಯಾಪಾರಿಯ ಅತ್ತಿಗೆಯದೇ ಎನ್ನಿಸಿತು. ಪೊಲೀಸರು ಕೇಳುವ ಮೊದಲೇ ಅವಳು ಸಾವಿನ ಹೊತ್ತು ಹೇಳಿದ್ದಳು. ಆದರೆ ಇನ್ನು ಹನ್ನೆರಡೇ ಪುಟ ಎನ್ನುವಾಗ ಸೊಲ್ಲಾಪುರದ ಒಬ್ಬ ಲಾರಿ ಡ್ರೈವರ್ ಬಂದ, ಹಳೆಯ ದ್ವೇಷವೆಂದ, ತಪ್ಪೊಪ್ಪಿಕೊಂಡ. ಪುಸ್ತಕ ಮುಗಿಯಿತು.

ತಮ್ಮ ಊಹೆ ತಪ್ಪಿತೆಂದು ಅವರಿಗೆ ಬೇಸರವಾಗಲಿಲ್ಲ. ಇಷ್ಟು ಚೆನ್ನಾಗಿ ಬರೆದಾಕೆ ಕೊನೆಗೆ ಕೈಬಿಟ್ಟಳಲ್ಲ ಎಂದು ಸಂಕಟವಾಯಿತು.

“ಕಥಿ ಅದು ಆಯಿ, ಬಿಡು,” ಎಂದ ಮಗ ಮಿಲಿಂದ.

ಬಿಡಲಿಲ್ಲ. ಭಾನುವಾರ ಬಸ್ಸು ಹತ್ತಿ ಕೆರೂರಿಗೆ ಹೋಗಿ, ವಿಚಾರಿಸಿಕೊಂಡು ಮನೆ ಹುಡುಕಿದರು. ಮಯೂರಿ ಚಹಾ ತಂದಿಟ್ಟಳು.

“ಅಕ್ಕಾರ, ಆ ಲಾರಿಯಂವಾ ಎಲ್ಲಿಂದ ಬಂದ?” ಶಿಕ್ಷಕಿಯರನ್ನು ಕರೆಯುವಂತೆಯೇ ಕರೆದು ಕೇಳಿದರು ಲೀಲಾಬಾಯಿ.

ಮಯೂರಿಯ ಮುಖ ಸಣ್ಣದಾಯಿತು. “ನಮ್ಮ ಸಾಲ್ಯಾಗ ಎಲ್ಲಾರೂ ಛಲೋ ಅದ ಅಂದ್ರಿ.”

“ಛಲೋ ಅದ. ಅದಕ್ಕಽ ಸಿಟ್ಟು ಬಂದದ. ಅತ್ತಿಗಿನ್ನ ಯಾಕ ಬಿಟ್ರಿ?”

ಮಯೂರಿ ಒಳಮನೆಯ ಕಡೆ ನೋಡಿ ದನಿ ತಗ್ಗಿಸಿದಳು. “ಬರದಾಗ ಅತ್ತಿಗಿನಽ ಇದ್ಳರಿ. ಆದ್ರ ನಮ್ಮ ನೆಗೆಣ್ಣಿ, ನಮ್ಮನಿಯವ್ರ ಅಣ್ಣನ ಹೆಂಡ್ತಿ, ಖರೇನಽ ಹಂಗ ಮಾತಾಡ್ತಾರ. ತಮ್ಮನ್ನಽ ಬರದಾಳ ಅಂತ ತಿಳ್ಕೋತಾರಂತ ಅಂಜಿ ಬದಲ್ ಮಾಡಿದ್ನಿ.”

“ಓದಿ ಏನಂದ್ರು?”

“ಇಪ್ಪತ್ತು ಪುಟಕ್ಕ ಬಿಟ್ಟಾರ್ರಿ.”

ಇಬ್ಬರಿಗೂ ನಗು ಬಂತು.

“ಕೋರ್ಟಿನ್ಯಾಗ ಸಾಕ್ಷಿಗಳೂ ಹಿಂಗಽ ತಿರಗತಿದ್ರವಾ,” ಎಂದರು ಲೀಲಾಬಾಯಿ. “ಮನಿಯವ್ರಿಗೆ ಅಂಜಿ. ನಾ ಅದನ್ನೂ ಟೈಪ್ ಮಾಡೇನಿ. ಕೈ ಮಾಡತಿತ್ತು, ಮನಸ್ಸು ಒಪ್ಪತಿದ್ದಿಲ್ಲ.”

ಮಯೂರಿ ಕಪಾಟಿನಿಂದ ಹಳೆಯ ನೋಟುಬುಕ್ಕು ತಂದು ಕೊಟ್ಟಳು; ಮೊದಲು ಬರೆದ ಕೊನೆ ಅದರಲ್ಲಿತ್ತು. ಲೀಲಾಬಾಯಿ ಅದನ್ನು ಬಸ್‌ಸ್ಟ್ಯಾಂಡಿನಲ್ಲೇ ಓದಲು ಕುಳಿತು ಎರಡು ಬಸ್ಸು ತಪ್ಪಿಸಿಕೊಂಡರು. ಮನೆ ಮುಟ್ಟಿದವರೇ ಫೋನು ಮಾಡಿದರು.

“ಭಾಳ ಛಲೋ ಅದ. ಆದ್ರ ಕೊಲಿ ಮಾಡಿದಾಕಿ ನಾಕು ಪುಟ ಭಾಷಣ ಮಾಡೂದಿಲ್ಲವಾ. ಒಂದು ಮಾತು ಹೇಳಿ ಸುಮ್ಮನಾಗ್ತಾಳ.”

ಮಯೂರಿ ಈಗ ಎರಡನೆಯ ಕಾದಂಬರಿ ಬರೆಯುತ್ತಿದ್ದಾಳೆ. ಒಂದೊಂದು ಅಧ್ಯಾಯ ಮುಗಿದಂತೆ ಹುನಗುಂದಕ್ಕೆ ಬರುತ್ತದೆ. ಮೂರನೆಯದನ್ನು ಲೀಲಾಬಾಯಿ ಕೆಂಪು ಗೆರೆ ಎಳೆದು ವಾಪಸು ಕಳಿಸಿದರು. ಮಯೂರಿ ನಾಲ್ಕು ದಿನ ಫೋನು ಎತ್ತಲಿಲ್ಲ. ಐದನೆಯ ದಿನ ಅದನ್ನೇ ಹೊಸದಾಗಿ ಬರೆದು ಕಳಿಸಿದಳು.