ಮಲಗಿಸಿದ ಬಾಗಿಲು

ಯಂತ್ರದ ಪ್ಲಗ್ ಕಿತ್ತ ಮೇಲೂ ಬಡಿತ ಕೇಳಿಸಿತೇ ಎಂಬುದನ್ನು ಈಗ ಆಣೆ ಮಾಡಿ ಹೇಳಲಾರೆ. ಕೇಳಿಸಿತು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಹಾಗೆ ಹೇಳಿ ಹೇಳಿಯೇ ಅದು ನೆನಪಾಗಿ ಗಟ್ಟಿಯಾಗಿರಬಹುದು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು ಆಡುವ ಮಾತಲ್ಲ ಇದು.

ಎಂಬತ್ತರ ದಶಕದ ಕೊನೆ. ಸಾಗರದ ನನ್ನ ಬಾಡಿಗೆ ಕೋಣೆಯಲ್ಲಿ ಬಿಡಿಭಾಗಗಳನ್ನು ಕೂಡಿಸಿ ಒಂದು ಕಂಪ್ಯೂಟರ್ ಕಟ್ಟಿದ್ದೆ. ಒಂದೇ ಡಿಸ್ಕಿನಿಂದ, ಪರದೆ-ಕೀಲಿಮಣೆಗಳಿರುವ ಎರಡು ಟರ್ಮಿನಲ್‌ಗಳಿಗೆ ಮಾಹಿತಿ ಒದಗಿಸುವ ಯಂತ್ರ. ಈಗಿನವರು ಸರ್ವರ್ ಎನ್ನುತ್ತಾರೆ. ಅಲ್ಲಿ ಚೆನ್ನಾಗಿಯೇ ಓಡಿತು. ಹೊಸನಗರದ ಒಂದು ಅಡಿಕೆ ಮಂಡಿಗೆ ತಂದು ಅಲ್ಲಿನ ಮೇಜಿನ ಮೇಲೆ ಕೂರಿಸಿದ ನಂತರ ಕಾಟ ಶುರುವಾಯಿತು. ಹಗಲೆಲ್ಲ ಸರಿ. ಹೊತ್ತು ಮುಳುಗುವಾಗ ಮಾತ್ರ ಡಿಸ್ಕ್ ಕಂಟ್ರೋಲರ್, ಅಂದರೆ ಡಿಸ್ಕನ್ನು ಆಳುವ ಕಾರ್ಡು, ಡಿಸ್ಕನ್ನೇ ಗುರುತಿಸುತ್ತಿರಲಿಲ್ಲ. ಪರದೆಯ ಮೇಲೆ ದೋಷದ ಸಾಲು. ಒಳಗಿನಿಂದ ಟಕ್, ಟಕ್, ಟಕ್. ಸ್ವಲ್ಪ ಬಿಡುವು. ಮತ್ತೆ ಟಕ್, ಟಕ್, ಟಕ್. ಓದಲಾಗದಿದ್ದಾಗ ಡಿಸ್ಕಿನ ಹೆಡ್ಡು ಮೊದಲ ಜಾಗಕ್ಕೆ ಮರಳಿ ಮತ್ತೆ ಹುಡುಕುವ ಸದ್ದು ಅದು. ನನಗೆ ಗೊತ್ತಿತ್ತು.

"ಎಂತ ಇಂಜಿನಿಯರ್ರೇ, ನಿಮ್ ಮೆಷಿನ್ನಿಗೆ ನಮ್ಮೂರ ನೀರು ಹಿಡೀಲಿಲ್ವಾ?" ಎಂದರು ಮಂಡಿಯ ಯಜಮಾನರು. ಶರಾವತಿಯ ಹಿನ್ನೀರಿನಲ್ಲಿ ಮನೆ ಮುಳುಗಿ ಪೇಟೆಗೆ ಬಂದು ನೆಲೆಸಿದ್ದ ಹಿರಿಯರು. ನಗುತ್ತಲೇ ಸೇರಿಸಿದರು: "ಶನಿವಾರದೊಳಗೆ ಸರಿಯಾಗ್ದಿದ್ರೆ ಹೊತ್ಕಂಡು ಹೋಗಿ. ಮೆಷಿನ್ನೇ ಇಲ್ದಿದ್ರೆ ಈ ಅಮ್ಮನಿಗೂ ಇಲ್ಲಿ ಎಂತ ಕೆಲ್ಸ?"

ಆ ಅಮ್ಮ ಅರಳಸುರಳಿ ಕಡೆಯ ಹೆಣ್ಣುಮಗಳು. ತೀರ್ಥಹಳ್ಳಿಯಲ್ಲಿ ಟೈಪಿಂಗ್ ಕಲಿಸುವ ಕೆಲಸ ಬಿಟ್ಟು ಈ ಕಂಪ್ಯೂಟರ್ ನಡೆಸಲು ಬಂದಿದ್ದರು. ಅಲ್ಲಿ ಆಗಲೇ ಬೇರೊಬ್ಬರು ಸೇರಿಯಾಗಿತ್ತು.

ಕೇಬಲ್ ಬದಲಿಸಿದೆ. ಸಾಗರದಿಂದ ಬೇರೆ ಕಾರ್ಡು ತಂದು ಹಾಕಿದೆ. ಸಂಜೆ ಊರೆಲ್ಲ ದೀಪ ಹಾಕಿದಾಗ ವೋಲ್ಟೇಜ್ ಬೀಳುತ್ತಿರಬೇಕೆಂದು ಸ್ಟೆಬಿಲೈಜರ್ ಕೂರಿಸಿದೆ. ವೋಲ್ಟೇಜ್ ಒಂದೇ ಸಮ ನಿಂತಿತು, ಬಡಿತ ನಿಲ್ಲಲಿಲ್ಲ.

ಶುಕ್ರವಾರ ಸಂಜೆ ಅದು ಮತ್ತೆ ಶುರುವಾದಾಗ ಆಕೆ ತಗ್ಗಿದ ದನಿಯಲ್ಲಿ, "ಸಾರ್, ಒಂದ್ ಮಾತು. ನಗಬಾರ್ದು," ಎಂದರು. "ಇದು ಮೇಜಲ್ಲ, ಬಾಗಿಲು. ಯಜಮಾನ್ರ ಮುಳುಗಿದ ಮನೆ ಮುಂಬಾಗ್ಲೇ ಇರ್ಬೇಕು. ದೀಪ ಹಚ್ಚೋ ಹೊತ್ತಿಗೆ ಮುಂಬಾಗ್ಲು ತೆಗ್ದಿಡ್ತಾರಲ್ಲ ಎಲ್ರೂ? ಇದನ್ನ ಮಲಗ್ಸಿ, ಮೇಲೆ ಭಾರ ಹೇರಿದ್ದೀವಿ."

ನೀರು ಬರುವ ಮೊದಲು ಜನ ಮನೆ ಬಿಚ್ಚಿ ಕಂಬ, ಬಾಗಿಲುಗಳನ್ನು ಗಾಡಿಯಲ್ಲಿ ತಂದದ್ದು ನನಗೂ ಗೊತ್ತಿತ್ತು. ಆದರೆ ಈ ಮೇಜಿಗೆ ಮೇಲೂ ಅಂಚಿಗೂ ರೆಕ್ಸಿನ್ ಹೊಡೆದಿತ್ತು. ಒಳಗಿನ ಮರ ಕಾಣುತ್ತಿರಲಿಲ್ಲ.

"ಬಾಗಿಲು ಗೀಗಿಲು ಎಂತದೂ ಅಲ್ಲ," ಯಜಮಾನರು ತಮ್ಮ ಕುರ್ಚಿಯಿಂದಲೇ ಗದರಿದರು. "ಬರೀ ಹಲಗೆ ಅದು. ಸುಮ್ನಿರಮ್ಮ."

ನಾನು ನಕ್ಕೆ. ನಗುವಾಗಲೇ ಬೇರೊಂದು ಹೊಳೆಯಿತು: ಹಲಗೆ ಡೊಂಕಾಗಿದ್ದರೆ ಅದರ ಮೇಲಿನ ಪೆಟ್ಟಿಗೆಯೂ ತಿರುಚಿಕೊಂಡು ಕಾರ್ಡು ಸಡಿಲವಾಗಬಹುದು. ಪ್ಲಗ್ ಕಿತ್ತೆ. ಪರದೆ ಕಪ್ಪಾಯಿತು. ನಾನೂ ಆಕೆಯೂ ಯಂತ್ರವನ್ನು ಎತ್ತಿ ನೆಲಕ್ಕಿಳಿಸಿದೆವು.

ಆಗ, ಬರಿದಾದ ಮೇಜಿನಿಂದ, ಟಕ್, ಟಕ್, ಟಕ್.

ಅಥವಾ ಹಾಗೆಂದು ನನ್ನ ನೆನಪು. ಇದೊಂದು ಮಾತ್ರ ಸ್ಪಷ್ಟ: ಯಜಮಾನರು ಥಟ್ಟನೆ ಎದ್ದು ನಿಂತು, ಬೀದಿಯ ಕಡೆಗಲ್ಲ, ಮೇಜಿನ ಕಡೆಗೆ ತಿರುಗಿ, "ಬಂದೆ, ಬಂದೆ," ಎಂದರು. ಒಂದು ಹೆಜ್ಜೆಯನ್ನೂ ಇಟ್ಟರು. ಆಮೇಲೆ ನಮ್ಮ ಮುಖ ನೋಡಿ ನಿಂತುಬಿಟ್ಟರು.

ನಾನು ಕಾರ್ಡನ್ನು ಒತ್ತಿ ಕೂರಿಸಿ, ನೆಲದ ಮೇಲಿದ್ದ ಯಂತ್ರವನ್ನು ಚಾಲೂ ಮಾಡಿದೆ. ಡಿಸ್ಕ್ ಸಿಕ್ಕಿತು. ಕತ್ತಲಾದರೂ ಓಡುತ್ತಲೇ ಇತ್ತು. ಸರಿಯಾದದ್ದು ಕಾರ್ಡು ಒತ್ತಿದ್ದಕ್ಕೋ, ಜಾಗ ಬದಲಿಸಿದ್ದಕ್ಕೋ? ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ಪ್ರಯೋಗಶಾಲೆಯ ಪಾಠ ನನ್ನ ತಲೆಯಿಂದ ಹಾರಿಹೋಗಿತ್ತು. ಮತ್ತೆ ಮೇಜಿನ ಮೇಲಿಟ್ಟು ನೋಡೋಣ ಎಂದೆ.

"ಬ್ಯಾಡ," ಎಂದರು ಯಜಮಾನರು. "ಅಲ್ಲೇ ಇರ್ಲಿ." ಆಕೆಯ ಕಡೆ ನೋಡದೆಯೇ, "ಸೋಮವಾರ ಹೊತ್ತಿಗೆ ಸರಿಯಾಗಿ ಬಾರಮ್ಮ," ಎಂದರು.

ಅವರು ತೀರಿಕೊಂಡು ವರ್ಷಗಳಾದ ಮೇಲೆ ಅದೇ ಮಂಡಿಯ ಕಚೇರಿಗೆ ಹೋಗಿದ್ದೆ. ಆಕೆ ಅಲ್ಲೇ ಇದ್ದರು. ಈಗ ಕಚೇರಿಯನ್ನೆಲ್ಲ ನೋಡಿಕೊಳ್ಳುವವರು. ಮೇಜೂ ಇತ್ತು. ಮೇಲೆ ಏನೂ ಇಟ್ಟಿರಲಿಲ್ಲ.

"ಮೇಜಿನ ಕೆಳಗೆ ಬಗ್ಗಿ ನೋಡಿದ್ರಾ ಯಾವಾಗ್ಲಾದ್ರೂ?" ಎಂದು ಕೇಳಿದೆ.

"ನಾನ್ಯಾಕೆ ನೋಡ್ಲಿ ಸಾರ್? ನಂಗೆ ಅನುಮಾನ ಇಲ್ವಲ್ಲ. ನೀವೇ ನೋಡಿ," ಎಂದು ನಗುತ್ತ ಟಾರ್ಚು ಕೊಟ್ಟರು.

ಮಂಡಿಯೂರಿ ಬೆಳಕು ಬಿಟ್ಟೆ. ಅಡಿಯ ಮರಕ್ಕೆ ಕಬ್ಬಿಣದ ಬಳೆಯೊಂದು ಜಡಿದಿತ್ತು, ಬಂದವರು ಹಿಡಿದು ಬಾಗಿಲು ತಟ್ಟುವಂಥದ್ದು. ತುಕ್ಕು ಹಿಡಿದು ಅಂಟಿಕೊಂಡಿತ್ತು, ಎಳೆದರೂ ಅಲುಗಲಿಲ್ಲ. ಅದು ತಾಗುವ ಕಡೆ ಮರ ಸವೆದು ಗುಳಿಯಾಗಿತ್ತು.